ಯೂಸುಫ್ ಅಂತ ಕರೆದರೆ ಯೋಸೆಫ್ ಎದ್ದು ನಿಂತರು: ಮೂರು ಭಾಷೆಗಳ ಹೆಸರಿನ ನಂಟು

ನಿಮ್ಮ ಪ್ರಶ್ನೆ ಇದು: ಪರ್ಷಿಯನ್, ಅರಬ್ಬಿ, ಹೀಬ್ರೂ ಮೂರರಲ್ಲೂ ಹೆಸರುಗಳು, ಬಿರುದುಗಳು ಒಂದೇ ತರಹ ಕೇಳಿಸುತ್ತವಲ್ಲ, ಯಾಕೆ? ಇಬ್ರಾಹಿಂ–ಅವ್ರಹಾಮ್ ಇದೆ, ಸಲಾಂ–ಶಾಲೋಮ್ ಇದೆ. ಹೀಬ್ರೂವಿನಲ್ಲಿ ಮಂತ್ರಿಗೆ ‘ಸರ್’ ಅಂತಾರೆ, ಪರ್ಷಿಯನ್ನಿನಲ್ಲಿ ‘ಸರ್ದಾರ್’ ಇದೆ. ಹಾಗಾದರೆ ಮೂರೂ ಒಂದೇ ತಾಯಿಯ ಮಕ್ಕಳಾ?

ಅಲ್ಲ. ಅರಬ್ಬಿ ಮತ್ತು ಹೀಬ್ರೂ ಅಕ್ಕತಂಗಿಯರು, ಸೆಮಿಟಿಕ್ ಮನೆತನದವರು. ಪರ್ಷಿಯನ್ ಬೇರೆ ಮನೆಯವಳು. ಅವಳ ಹತ್ತಿರದ ನೆಂಟರು ಸಂಸ್ಕೃತದವರು. ಆದರೆ ಈ ಮೂವರೂ ಎರಡೂವರೆ ಸಾವಿರ ವರ್ಷ ಅಕ್ಕಪಕ್ಕದಲ್ಲೇ ಬಾಳಿದ್ದಾರೆ. ಒಬ್ಬರ ಮನೆಯ ಪಾತ್ರೆಪಡಗ ಇನ್ನೊಬ್ಬರ ಅಡುಗೆಮನೆ ಸೇರಿ ಅಲ್ಲೇ ಉಳಿದುಬಿಟ್ಟಿದೆ. ಅದಕ್ಕೇ ಕಿವಿಗೆ ಒಂದೇ ತರಹ ಕೇಳಿಸಿದ ಜೋಡಿಯನ್ನೆಲ್ಲ ಒಂದೇ ಗಂಟಿಗೆ ಕಟ್ಟಬಾರದು. ಪ್ರತಿಯೊಂದರ ಊರು ಕೇರಿ ವಿಚಾರಿಸಬೇಕು.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ದುಬೈಯಲ್ಲಿ. ಅಲ್ಲಿ ಒಂದು ಕ್ಲಿನಿಕ್‌ನಲ್ಲಿ ಒಂಬತ್ತು ವರ್ಷ ನೋಂದಣಿ ಕೌಂಟರಿನಲ್ಲಿ ಕೂತಿದ್ದೆ. ಬೆಳಗಿಂದ ಸಂಜೆವರೆಗೆ ಹೆಸರು ಕೇಳುವುದು, ಹೆಸರು ಬರೆಯುವುದು, ಹೆಸರು ಕೂಗುವುದು. ಅರಬ್ಬರು, ಇರಾನಿಗಳು ಮೊದಲಿಂದಲೂ ಬರುತ್ತಿದ್ದರು. 2020ರಲ್ಲಿ ಇಸ್ರೇಲಿಗೂ ಎಮಿರೇಟ್ಸಿಗೂ ಒಪ್ಪಂದ ಆದ ಮೇಲೆ ಇಸ್ರೇಲಿನಿಂದಲೂ ಜನ ಬರತೊಡಗಿದರು. ಒಂದು ದಿನ ‘ಯೂಸುಫ್’ ಅಂತ ಕೂಗಿದೆ. ಮೂರು ಜನ ಎದ್ದು ನಿಂತರು. ಒಬ್ಬರು ಶಾರ್ಜಾದವರು, ಒಬ್ಬರು ಇರಾನಿನ ಶಿರಾಜ್‌ನವರು, ಇನ್ನೊಬ್ಬರು ಯೋಸೆಫ್, ಹೈಫಾದಿಂದ ಬಂದವರು. ನಾನು ಅವಸರದಲ್ಲಿ ಒಬ್ಬರ ರಕ್ತಪರೀಕ್ಷೆಯ ಚೀಟಿ ಇನ್ನೊಬ್ಬರ ಫೈಲಿಗೆ ಸೇರಿಸಿಬಿಟ್ಟೆ. ಡಾಕ್ಟರ್ ನೋಡುವ ಮೊದಲೇ ಗೊತ್ತಾಯಿತು, ಸರಿ ಮಾಡಿದೆ. ಆದರೆ ಕೈ ನಡುಗಿದ್ದು ಮರೆತಿಲ್ಲ. ಅವತ್ತಿನಿಂದ ಹೆಸರುಗಳನ್ನು ಬರೀ ಕಿವಿಯಿಂದ ಕೇಳುವುದು ಬಿಟ್ಟೆ. ಅಕ್ಷರ ನೋಡಲು ಕಲಿತೆ. ಮೊದಲು ಅರಬ್ಬಿ ಲಿಪಿ, ಆಮೇಲೆ ಮನೆಯಲ್ಲಿ ಕೂತು ಹೀಬ್ರೂ. ಪರ್ಷಿಯನ್ ಹೇಳಿಕೊಟ್ಟದ್ದು ನಮ್ಮ ಜೊತೆ ಕೆಲಸ ಮಾಡುತ್ತಿದ್ದ ಇರಾನಿನ ನರ್ಸ್ ಒಬ್ಬರು.

ಮೊದಲು ಅಕ್ಕತಂಗಿಯರ ವಿಷಯ. ಅವರ ಹೋಲಿಕೆಗೆ ಒಂದು ಲೆಕ್ಕ ಇದೆ. ಕನ್ನಡಿಗರಿಗೆ ಇದು ಬೇಗ ಅರ್ಥವಾಗುತ್ತದೆ. ತಮಿಳಿನ ಪಾಲ್ ನಮ್ಮಲ್ಲಿ ಹಾಲು, ಪಲ್ ಹಲ್ಲು, ಪುಲಿ ಹುಲಿ. ಅಲ್ಲಿ ‘ಪ’ ಇದ್ದ ಕಡೆ ಇಲ್ಲಿ ‘ಹ’. ಒಂದೆರಡು ಸಲ ಆದರೆ ಅಚ್ಚರಿ ಅನ್ನಬಹುದು, ಸಾಲುಸಾಲಾಗಿ ಬಂದರೆ ಅದು ನಂಟಸ್ತಿಕೆ. ಹಾಗೇ ಹೀಬ್ರೂವಿನಲ್ಲಿ ‘ಶ’ ಇದ್ದ ಕಡೆ ಅರಬ್ಬಿಯಲ್ಲಿ ಬಹಳ ಸಲ ‘ಸ’ ಬರುತ್ತದೆ. ಶಾಲೋಮ್–ಸಲಾಂ ಆಯಿತು. ಹೆಸರಿಗೆ ಶೇಮ್–ಇಸ್ಮ್. ನಾಲಿಗೆಗೆ ಲಾಶೋನ್–ಲಿಸಾನ್. ತಲೆಗೆ ರೋಶ್–ರಅಸ್. ಏಳಕ್ಕೆ ಶೇವಾ–ಸಬ್ಅ. ಉಲ್ಟಾ ಕೂಡ ಇದೆ. ಹೀಬ್ರೂವಿನ ಒಂದು ಬಗೆಯ ‘ಸ’ ಇದ್ದಲ್ಲಿ ಅರಬ್ಬಿಯಲ್ಲಿ ‘ಶ’ ಬರುತ್ತದೆ: ಹತ್ತಕ್ಕೆ ಅಲ್ಲಿ ಎಸೆರ್, ಇಲ್ಲಿ ಅಶರ್. ಇದು ಗೊತ್ತಿದ್ದರೆ ಮಸೀಹ್ ಮತ್ತು ಮಾಶಿಯಹ್ ಒಂದೇ ಪದ ಅಂತ ಯಾರೂ ಹೇಳಿಕೊಡಬೇಕಿಲ್ಲ. ಎರಡಕ್ಕೂ ‘ಎಣ್ಣೆ ಹಚ್ಚಿ ಅಭಿಷೇಕ ಮಾಡಿಸಿಕೊಂಡವನು’ ಅಂತ ಅರ್ಥ.

ಇನ್ನೊಂದು ಬೀಗದ ಕೈ ಅಂದರೆ ಮೂರಕ್ಷರದ ಬೇರು. ಈ ಎರಡು ಭಾಷೆಗಳಲ್ಲೂ ಪದದ ಜೀವ ಇರುವುದು ಸಾಮಾನ್ಯವಾಗಿ ಮೂರು ವ್ಯಂಜನಗಳಲ್ಲಿ. ಸ್ವರ ಬದಲಾದರೆ ಕೆಲಸ ಬದಲಾಗುತ್ತದೆ, ಬೇರು ಹಾಗೇ ಇರುತ್ತದೆ. ಮ-ಲ-ಕ ತೆಗೆದುಕೊಳ್ಳಿ. ಹೀಬ್ರೂವಿನಲ್ಲಿ ಮೆಲೆಖ್ ಅಂದರೆ ದೊರೆ. ಅರಬ್ಬಿಯಲ್ಲಿ ಮಲಿಕ್ ಅಂದರೆ ದೊರೆ, ‘ಮಾ’ ದೀರ್ಘ ಮಾಡಿ ಮಾಲಿಕ್ ಅಂದರೆ ಒಡೆಯ. ತಿಂಗಳ ಬಾಡಿಗೆಗೆ ಬಾಗಿಲು ಬಡಿಯುವ ನಮ್ಮ ಮನೆ ಮಾಲೀಕರು ಇವರೇ!

ಹ-ಕ-ಮ ಬೇರು ನನಗೆ ಇನ್ನೂ ಇಷ್ಟ. ಹೀಬ್ರೂವಿನಲ್ಲಿ ಹಖಾಮ್ ಅಂದರೆ ಜಾಣ, ತಿಳಿದವನು. ಸ್ಪೇನಿನ ಕಡೆಯ ಮೂಲದ ಯಹೂದಿಗಳು ತಮ್ಮ ಗುರುಗಳಿಗೆ ಇದೇ ಬಿರುದು ಕೊಡುತ್ತಿದ್ದರು. ಹೊಖ್ಮಾ ಅಂದರೆ ವಿವೇಕ. ಅರಬ್ಬಿಯಲ್ಲಿ ಹಕೀಮ್ ಅಂದರೆ ಜ್ಞಾನಿ, ವೈದ್ಯ. ಹುಕ್ಮ್ ಅಂದರೆ ತೀರ್ಪು, ಆಜ್ಞೆ. ಅದೇ ನಮ್ಮ ಹುಕುಂ. ಬಗರ್‌ಹುಕುಂ ಸಾಗುವಳಿ ಅಂತ ಅರ್ಜಿ ಹಿಡಿದು ತಾಲೂಕು ಕಚೇರಿಗೆ ಅಲೆಯುವ ರೈತನ ಬಾಯಲ್ಲಿ ಇರುವ ಪದವೂ ಹೀಬ್ರೂ ಬೈಬಲಿನ ವಿವೇಕದ ಪದವೂ ಒಂದೇ ಬೇರಿನವು. ಇದು ಗೊತ್ತಾದ ದಿನ ನಾನು ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ.

ಸುಲ್ತಾನ್ ಕೂಡ ಹೀಗೇ. ಹೀಬ್ರೂವಿನಲ್ಲಿ ಶಿಲ್ತೋನ್ ಅಂದರೆ ಆಳ್ವಿಕೆ, ಅದೇ ಶ–ಸ ಲೆಕ್ಕ. ರಈಸ್ ಅಂದರೆ ಅರಬ್ಬಿಯಲ್ಲಿ ಅಧ್ಯಕ್ಷ, ಮೂಲತಃ ‘ತಲೆ’ಯಾಳು. ಹೀಬ್ರೂವಿನಲ್ಲಿ ಪ್ರಧಾನಮಂತ್ರಿಗೆ ರೋಶ್ ಹಮೆಮ್ಶಾಲಾ, ಅಂದರೆ ಸರ್ಕಾರದ ತಲೆ. ಆದರೆ ಬೇರು ಒಂದೇ ಆದ ಮಾತ್ರಕ್ಕೆ ಅರ್ಥ ಒಂದೇ ಇರಬೇಕು ಅಂತಿಲ್ಲ. ಕೊಹೆನ್ ಅಂದರೆ ಹೀಬ್ರೂವಿನಲ್ಲಿ ದೇವಾಲಯದ ಪುರೋಹಿತ. ಅರಬ್ಬಿಯಲ್ಲಿ ಕಾಹಿನ್ ಅಂದರೆ ಕಣಿ ಹೇಳುವವನು. ಹೀಬ್ರೂವಿನಲ್ಲಿ ರಬ್ಬಿ ಅಂದರೆ ‘ನನ್ನ ಗುರುವೇ’ ಅಂತ ಮನುಷ್ಯನನ್ನು ಕರೆಯುವುದು. ಅರಬ್ಬಿಯಲ್ಲಿ ರಬ್ಬ್ ಅಂದರೆ ದೇವರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಜಾಸ್ತಿ ಜನ ತಪ್ಪುವುದು ಇಲ್ಲೇ. ಸಲಾಂ–ಶಾಲೋಮ್ ಇಬ್ಬರಿಗೂ ತಾಯಿಯಿಂದ ಬಂದ ಪದ. ಆದರೆ ಇಬ್ರಾಹಿಂ, ಇಸ್‌ಹಾಕ್, ಯಾಕೂಬ್, ಸುಲೈಮಾನ್ ಹಾಗಲ್ಲ. ಇವು ಹೀಬ್ರೂ ಕಡೆಯ ಹೆಸರುಗಳು. ಯಹೂದಿ ಮತ್ತು ಕ್ರೈಸ್ತರ ಬಾಯಿಂದ ಬಾಯಿಗೆ ಬಂದು ಅರಬ್ಬಿಯಲ್ಲಿ ನೆಲೆಸಿದವು. ದಾರಿಯಲ್ಲಿ ಸಿರಿಯಾಕ್, ಅಂದರೆ ಆ ಕಡೆಯ ಕ್ರೈಸ್ತರ ಹಳೆಯ ಭಾಷೆಯ, ಕೈಯೂ ಇದೆ. ಹೀಬ್ರೂವಿನ ಶ್ಲೋಮೋ ಅರಬ್ಬಿಯಲ್ಲಿ ಸುಲೈಮಾನ್ ಆಗುವಾಗ ಕೊನೆಗೆ ಒಂದು ‘ನ್’ ಅಂಟಿಕೊಂಡದ್ದು ಆ ದಾರಿಯ ಗುರುತು. ಸ್ವಂತ ತಂಗಿಯ ಮನೆಯಿಂದಲೂ ಕೈಗಡ ತರುತ್ತೇವೆ ಅಲ್ವಾ, ಹಾಗೆ. ಪರ್ಷಿಯನ್ನಿಗೆ ಈ ಹೆಸರುಗಳು ಸಿಕ್ಕಿದ್ದು ಇನ್ನೂ ತಡವಾಗಿ, ಏಳನೇ ಶತಮಾನದಲ್ಲಿ ಅರಬ್ಬರು ಇರಾನ್ ಗೆದ್ದ ಮೇಲೆ, ಜಾಸ್ತಿ ಅರಬ್ಬಿಯ ಮೂಲಕವೇ. ನಮ್ಮ ಕೌಂಟರಿನ ಮೂರು ಯೂಸುಫರ ಕಥೆ ಇಷ್ಟೇ: ಒಂದೇ ಹೆಸರು, ಮೂರು ಮಜಲು.

ಇನ್ನು ಪರ್ಷಿಯನ್. ಇಲ್ಲಿಗೆ ಬಂದರೆ ಕನ್ನಡಿಗರಿಗೆ ತವರಿಗೆ ಬಂದ ಹಾಗಾಗುತ್ತದೆ.

ಆ ಇರಾನಿ ನರ್ಸ್ ಒಂದು ದಿನ ‘ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು?’ ಅಂತ ಕೇಳಿದರು. ಅಪ್ಪ ವಿಜಯಪುರ ಜಿಲ್ಲೆಯ ಒಂದು ತಾಲೂಕಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಆ ಪದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕು ಅಂತ ತೋಚದೆ ಹಾಗೇ ‘ಶಿರಸ್ತೇದಾರ್’ ಅಂದೆ. ಆಕೆ ಚಹಾದ ಲೋಟ ಕೆಳಗಿಟ್ಟರು. ‘ಇನ್ನೊಂದು ಸಲ ಹೇಳಿ’ ಅಂದರು. ಹೇಳಿದೆ. ಚೀಟಿಯ ಹಿಂದೆ ಪರ್ಷಿಯನ್ ಅಕ್ಷರದಲ್ಲಿ ಬರೆದು ಮೂರು ತುಂಡು ಮಾಡಿ ತೋರಿಸಿದರು. ಸರ್, ರಿಶ್ತೆ, ದಾರ್. ಸರ್ ಅಂದರೆ ತಲೆ, ತುದಿ. ರಿಶ್ತೆ ಅಂದರೆ ನೂಲು. ದಾರ್ ಅಂದರೆ ಹಿಡಿದವನು. ನೂಲಿನ ತುದಿ ಹಿಡಿದವನು! ಕಡತಗಳ ಗಂಟಿನ ತುದಿ ಯಾರ ಕೈಯಲ್ಲಿರುತ್ತದೋ ಅವರು. ಗಮನಿಸಿ, ಇಲ್ಲಿ ನೂಲು ಇರುವುದು ‘ರಿಶ್ತೆ’ಯಲ್ಲಿ. ಕೊನೆಯ ‘ದಾರ್’ ನಮ್ಮ ಸೂಜಿ ದಾರದ ದಾರ ಅಲ್ಲ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ‘ಹೌದೇನವಾ? ಹನ್ನೊಂದು ವರ್ಷ ಆ ಬೋರ್ಡಿನ ಹಿಂದ ಕೂತೀನಿ. ಅರ್ಥ ಇವತ್ತ ತಿಳೀತು ನೋಡು’ ಅಂದರು.

ಆ ‘ಸರ್’ ಸಂಸ್ಕೃತದ ಶಿರಸ್ಸಿನ ನೆಂಟ. ಆ ‘ದಾರ್’ ನಮ್ಮ ಗಂಗಾಧರ, ಚಕ್ರಧರರಲ್ಲಿ ಇರುವ ‘ಧರ’ನ ನೆಂಟ. ತಹಶೀಲ್ದಾರ್, ಜಮೀನ್ದಾರ್, ಹವಾಲ್ದಾರ್, ಸುಬೇದಾರ್ ಎಲ್ಲರ ಬಾಲದಲ್ಲೂ ಇವನೇ. ಸರ್ಕಾರ ಅಂದರೆ ಸರ್ ಮತ್ತು ಕಾರ್. ಆ ‘ಕಾರ್’ ಕೂಡ ನಮ್ಮ ಕಾರ್ಯ, ಕುಂಭಕಾರಗಳ ‘ಕಾರ’ದ ಕಡೆಯವನೇ. ಈ ನಂಟು ಎಷ್ಟು ಹಳೆಯದು ಅಂದರೆ, ಇರಾನಿನ ಬೆಹಿಸ್ತೂನ್ ಬೆಟ್ಟದ ಬಂಡೆಯ ಮೇಲೆ ದೊರೆ ಡೇರಿಯಸ್ ಸುಮಾರು ಕ್ರಿ.ಪೂ. 520ರ ಹೊತ್ತಿಗೆ ಕೆತ್ತಿಸಿದ ಶಾಸನ ಇದೆ. ಅಲ್ಲಿ ಅವನ ಹೆಸರು ದಾರಯವಉಶ್. ‘ಒಳ್ಳೆಯದನ್ನು ಹಿಡಿದವನು’ ಅಂತ ಅರ್ಥ, ಅದೇ ‘ಧರ’. ಇವತ್ತಿನ ಇರಾನಿನಲ್ಲಿ ಅದು ದಾರ್ಯೂಶ್, ಹೀಬ್ರೂವಿನಲ್ಲಿ ದಾರ್ಯಾವೆಶ್. ಅದೇ ಶಾಸನದಲ್ಲಿ ಅವನು ತನ್ನನ್ನು ‘ರಾಜರ ರಾಜ’ ಅಂತ ಕರೆದುಕೊಳ್ಳುತ್ತಾನೆ. ಆ ‘ರಾಜ’ ಅನ್ನುವ ಹಳೆಯ ಪರ್ಷಿಯನ್ ಪದವೇ ಸವೆದು ಸವೆದು ‘ಶಾ’ ಆಯಿತು. ‘ರಾಜರ ರಾಜ’ ಶಹನ್‌ಶಾ ಆಯಿತು. ಶಾ ಪದದ ಬೇರಿಗೂ ನಮ್ಮ ಕ್ಷತ್ರ, ಕ್ಷತ್ರಿಯಕ್ಕೂ ನೇರ ಸಂಬಂಧ. ಪ್ರಾಂತದ ಅಧಿಕಾರಿಯನ್ನು ಗ್ರೀಕರು ಸತ್ರಪ ಅಂದರು. ಹೀಬ್ರೂ ಬೈಬಲಿನ ಎಸ್ತೇರ್ ಗ್ರಂಥದಲ್ಲಿ ಅವನು ಅಹಶ್‌ದರ್ಪಾನ್. ನಮ್ಮ ಜುನಾಗಢದಲ್ಲಿ ಸುಮಾರು ಕ್ರಿ.ಶ. 150ರ ರುದ್ರದಾಮನನ ಶಾಸನದಲ್ಲಿ ಮಹಾಕ್ಷತ್ರಪ. ಮೂವರ ಬಾಯಲ್ಲೂ ಇರುವುದು ಒಂದೇ ಇರಾನಿ ಪದ.

ಹೀಬ್ರೂವಿಗೆ ಇಷ್ಟು ಪರ್ಷಿಯನ್ ಹೇಗೆ ಹೊಕ್ಕಿತು? ಕ್ರಿ.ಪೂ. 539ರಲ್ಲಿ ಪರ್ಷಿಯದ ದೊರೆ ಸೈರಸ್ ಬಾಬಿಲೋನ್ ಗೆದ್ದ. ಅಲ್ಲಿ ಸೆರೆಯಾಗಿದ್ದ ಯಹೂದಿಗಳಿಗೆ ತಮ್ಮ ಊರಿಗೆ ಮರಳಲು ಬಿಟ್ಟ. ಹೀಬ್ರೂವಿನಲ್ಲಿ ಅವನ ಹೆಸರು ಕೋರೆಶ್. ಬೈಬಲಿನ ಯೆಶಾಯನ ಗ್ರಂಥ ಅವನನ್ನು ಮಾಶಿಯಹ್ ಅಂತಲೇ ಕರೆಯುತ್ತದೆ, ಹೊರಗಿನ ಜನದ ದೊರೆಗೆ ಅಂಥ ದೊಡ್ಡ ಬಿರುದು! ಮುಂದೆ ಇನ್ನೂರು ವರ್ಷ ಯಹೂದಿಗಳು ಪರ್ಷಿಯನ್ ಆಡಳಿತದಲ್ಲಿದ್ದರು. ಆಳುವವರ ಕಚೇರಿ ಪದ ಆಳಿಸಿಕೊಳ್ಳುವವರ ಮನೆಗೆ ಬರುವುದು ನಮಗೇನು ಹೊಸದಲ್ಲ. ಕಾನೂನು, ಧರ್ಮಕ್ಕೆ ಹೀಬ್ರೂವಿನಲ್ಲಿ ‘ದಾತ್’ ಅನ್ನುತ್ತಾರೆ, ಪರ್ಷಿಯನ್ ಸಾಲ. ಗುಟ್ಟಿಗೆ ‘ರಾಜ್’, ಹಿಂದಿ ಸಿನಿಮಾ ನೋಡುವ ನಮಗೂ ಗೊತ್ತಿರುವ ಪದವೇ. ಹಣ್ಣಿನ ತೋಟಕ್ಕೆ ‘ಪರ್ದೇಸ್’. ಹಳೆಯ ಇರಾನಿ ಪದ, ಸುತ್ತ ಗೋಡೆ ಕಟ್ಟಿದ ಜಾಗ ಅಂತ ಅರ್ಥ. ಅದರ ಮೊದಲ ತುಂಡು ನಮ್ಮ ಪರಿಧಿಯ ‘ಪರಿ’. ಅದೇ ಅರಬ್ಬಿಗೆ ಹೋಗಿ ಫಿರ್ದೌಸ್ ಆಯಿತು, ಸ್ವರ್ಗದ ತೋಟ. ಗುಲಾಬಿಯ ಕಥೆ ಇನ್ನೂ ಚೆಂದ. ಇಸ್ರೇಲಿನ ಹುಡುಗಿಯರಿಗೆ ವೆರೆದ್ ಅಂತ ಹೆಸರಿಡುತ್ತಾರೆ, ಅರಬ್ಬರು ವರ್ದಾ ಅಂತಾರೆ, ಇರಾನಿನಲ್ಲಿ ಗೋಲ್ ಅಥವಾ ಗುಲ್. ಮೂರೂ ಒಂದೇ ಹಳೆಯ ಇರಾನಿ ಗಿಡದ ಹೂ. ಸ್ವಂತ ಮನೆಯಲ್ಲೇ ಪದ ಜಾಸ್ತಿ ಸವೆದಿದೆ, ಸಾಲ ತೆಗೆದುಕೊಂಡವರು ಹಳೆಯ ರೂಪ ಜೋಪಾನ ಮಾಡಿದ್ದಾರೆ.

ಸಾಲ ಹೋದ ಪದವನ್ನು ಗುರುತಿಸಲು ಒಂದು ಉಪಾಯ ಇದೆ. ಅರಬ್ಬಿಯಲ್ಲಿ ‘ಪ’ ಇಲ್ಲ, ಶಿಷ್ಟ ಅರಬ್ಬಿಯಲ್ಲಿ ‘ಗ’ ಇಲ್ಲ. ಅಲ್ಲಿಗೆ ಹೋದ ‘ಪ’ ಬಹಳ ಸಲ ‘ಫ’ ಆಗುತ್ತದೆ, ‘ಗ’ ಹೆಚ್ಚಾಗಿ ‘ಜ’. ನಾವು ಜನರನ್ನು ಪಾರ್ಸಿ ಅಂತೀವಿ, ಭಾಷೆಯನ್ನು ಫಾರ್ಸಿ ಅಂತೀವಿ. ಒಂದೇ ಪದ, ಎರಡನೆಯದು ಅರಬ್ಬರ ಬಾಯಿಗೆ ಹೋಗಿ ಬಂದದ್ದು. ಹೀಬ್ರೂವಿನ ಗವ್ರಿಯೇಲ್ ಅರಬ್ಬಿಯಲ್ಲಿ ಜಿಬ್ರೀಲ್. ಪರ್ಷಿಯನ್ನಿನ ಗೌಹರ್, ಅಂದರೆ ರತ್ನ, ಅರಬ್ಬಿಯಲ್ಲಿ ಜೌಹರ್ ಆಯಿತು, ಅದರ ಬಹುವಚನ ಜವಾಹಿರ್. ಅಂದರೆ 1930ರಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ಹೆಸರೂ ಜವಾಹರಲಾಲರ ಹೆಸರೂ ಒಂದೇ ರತ್ನ.

ಈಗ ನೀವು ಕೇಳಿದ ‘ಸರ್’. ಹೀಬ್ರೂವಿನ ಸರ್ ಅಂದರೆ ಅಧಿಪತಿ, ಈಗ ಮಂತ್ರಿ. ಅದರ ಹೆಣ್ಣುರೂಪವೇ ಸಾರಾ, ಅವ್ರಹಾಮನ ಹೆಂಡತಿಯ ಹೆಸರು. ಹಳೆಯ ಬಾಬಿಲೋನಿನ ಅಕ್ಕಾಡಿಯನ್ ಭಾಷೆಯಲ್ಲಿ ದೊರೆಗೆ ಶರ್ರು ಅನ್ನುತ್ತಿದ್ದರು, ಅದರ ಬಳಗ ಇದು. ಪರ್ಷಿಯನ್ನಿನ ಸರ್ ಅಂದರೆ ತಲೆ, ಶಿರಸ್ಸಿನ ಬಳಗ. ಎರಡಕ್ಕೂ ಸಂಬಂಧ ಇಲ್ಲ. ನಾವು ಮೇಷ್ಟ್ರಿಗೆ ಹೇಳುವ ‘ಸರ್’ ಮೂರನೆಯದು, ಅದು ಇಂಗ್ಲಿಷಿನ ಮೂಲಕ ಲ್ಯಾಟಿನ್‌ನ ‘ಹಿರಿಯ’ ಅನ್ನುವ ಪದದಿಂದ ಬಂದದ್ದು. ಮೂರೂ ದೊಡ್ಡವರನ್ನೇ ತೋರಿಸುತ್ತವೆ, ಮೂರೂ ಬೇರೆ ಬೇರೆ ಊರಿನವು.

ಇಂಥ ಬಲೆ ಇನ್ನೂ ಇವೆ. ಹೀಬ್ರೂವಿನ ಆರ್ಯೇ ಅಂದರೆ ಸಿಂಹ, ಇರಾನಿನ ಆರ್ಯಾ ಸಂಸ್ಕೃತದ ಆರ್ಯ. ಶಿರಾ ಅಂದರೆ ಹೀಬ್ರೂವಿನಲ್ಲಿ ಹಾಡು, ಶಿರೀನ್ ಅಂದರೆ ಪರ್ಷಿಯನ್ನಿನಲ್ಲಿ ಸಿಹಿ. ಹೀಬ್ರೂವಿನ ‘ಶಿರ್’ ಮತ್ತು ಅರಬ್ಬಿ ಕವಿತೆಯ ‘ಶಿಅರ್’, ಅಂದರೆ ನಮಗೆ ಶಾಯರಿಯಿಂದ ಗೊತ್ತಿರುವ ಪದ, ಇವೆರಡೂ ಒಂದೇ ಅಂತ ನಾನೂ ಬಹಳ ದಿನ ನಂಬಿದ್ದೆ. ಆದರೆ ಮೇಲೆ ಹೇಳಿದ ಲೆಕ್ಕ ಹಾಕಿ ನೋಡಿ. ಅರಬ್ಬಿಯಲ್ಲಿ ‘ಶ’ ಇದ್ದರೆ ಹೀಬ್ರೂವಿನಲ್ಲಿ ‘ಸ’ ಇರಬೇಕಿತ್ತು. ಅರಬ್ಬಿ ಪದದ ನಡುವೆ ಗಂಟಲಿನ ‘ಐನ್’ ಅಕ್ಷರ ಬೇರೆ ಇದೆ, ಹೀಬ್ರೂ ಪದದಲ್ಲಿ ಅದಿಲ್ಲ. ಲೆಕ್ಕ ಕೂಡುವುದಿಲ್ಲ. ಬರಾಕ್ ಕೂಡ ನೋಡಿ. ಇಸ್ರೇಲಿನ ಪ್ರಧಾನಿಯಾಗಿದ್ದ ಎಹೂದ್ ಬರಾಕ್ ಅವರ ಬರಾಕ್ ಅಂದರೆ ಮಿಂಚು, ಅರಬ್ಬಿಯ ಬರ್ಕ್. ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರ ಬರಾಕ್ ಅಂದರೆ ಆಶೀರ್ವಾದ ಪಡೆದವನು. ಮೂಲದಲ್ಲಿ ‘ಕ’ ಬೇರೆ ಬೇರೆ ಅಕ್ಷರ, ಕನ್ನಡದಲ್ಲಿ ಬರೆದಾಗ ಮಾತ್ರ ಒಂದಾಗುತ್ತವೆ.

ಉಲ್ಟಾನೂ ಇದೆ: ಕಿವಿಗೆ ಬೇರೆ, ಮನಸ್ಸಿಗೆ ಒಂದೇ. ಅರಬ್ಬಿಯ ಅಬ್ದುಲ್ಲಾ, ಹೀಬ್ರೂವಿನ ಓವಾದ್ಯಾ, ಇಬ್ಬರೂ ದೇವರ ದಾಸರು. ಹೀಬ್ರೂವಿನ ನೆತನೇಲ್, ಪರ್ಷಿಯನ್ನಿನ ಖುದಾದಾದ್, ನಮ್ಮ ದೇವದತ್ತ ಮೂವರೂ ದೇವರು ಕೊಟ್ಟವರು. ಇದರಲ್ಲಿ ದಾದ್ ಮತ್ತು ದತ್ತ ನಿಜವಾಗಿಯೂ ಒಂದೇ ಬೇರಿನವು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ತನ್ನ ಆಡಳಿತವನ್ನು ಖುದಾದಾದ್ ಸರ್ಕಾರ ಅಂತ ಕರೆದದ್ದು ಈ ಅರ್ಥದಲ್ಲೇ.

ನಮ್ಮ ವಿಜಯಪುರಕ್ಕೆ ಬಂದರೆ ಇಬ್ರಾಹಿಂ ರೋಜಾ ಮುಂದೆ ಒಂದು ನಿಮಿಷ ನಿಂತುಕೊಳ್ಳಿ. ಅಲ್ಲಿ ಮಲಗಿರುವವರು 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್ ಶಾ. ಇಬ್ರಾಹಿಂ ಹೀಬ್ರೂ ಮೂಲದ್ದು. ಆದಿಲ್ ಅರಬ್ಬಿ, ನ್ಯಾಯವಂತ. ಶಾ ಪರ್ಷಿಯನ್. ಒಂದೇ ಗೋರಿಯಲ್ಲಿ ನೀವು ಕೇಳಿದ ಮೂರೂ ಭಾಷೆ ಇವೆ. ಆ ‘ರೋಜಾ’ ಅರಬ್ಬಿಯ ರೌಜಾ, ಅಂದರೆ ತೋಟ. ಉಪವಾಸದ ರೋಜಾ ಬೇರೆ, ಅದು ಪರ್ಷಿಯನ್ನಿನ ‘ರೋಜ್’, ದಿನ ಅನ್ನುವ ಪದದಿಂದ ಬಂದದ್ದು.

ಕೊನೆಗೆ ಮಂಗಳೂರಿನ ಒಂದು ಕಥೆ ಹೇಳಲೇಬೇಕು. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಟ್ಯುನಿಶಿಯಾದಿಂದ ಬಂದು ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿದ್ದ. ಅವನ ಕಾಗದಪತ್ರಗಳು ಸಿಕ್ಕಿದ್ದು ಕೈರೋದ ಒಂದು ಯಹೂದಿ ಪ್ರಾರ್ಥನಾ ಮಂದಿರದ ಗೆನಿಜಾದಲ್ಲಿ. ದೇವರ ಹೆಸರಿರುವ ಕಾಗದ ಹರಿಯಬಾರದು ಅಂತ ಕೂಡಿಡುವ ಕೋಣೆ ಅದು. ಆ ಗೆನಿಜಾ ಪದದ ಹಿಂದೆಯೂ ಪರ್ಷಿಯನ್ನಿನ ‘ಗಂಜ್’, ಅಂದರೆ ಭಂಡಾರ, ಇದೆ. ಪತ್ರಗಳ ಭಾಷೆ ಬಹುಪಾಲು ಅರಬ್ಬಿ, ಲಿಪಿ ಹೀಬ್ರೂ. ಅವುಗಳಲ್ಲಿ 1132ರ ಒಂದು ಪತ್ರ ಇದೆ. ಆಶು ಅನ್ನುವ ಇಲ್ಲಿನ ದಾಸಿಯನ್ನು ಅವನು ಬಿಡುಗಡೆ ಮಾಡಿದ ದಾಖಲೆ ಅದು. ಅದರಲ್ಲಿ ಅವಳಿಗೆ ಹೊಸ ಹೆಸರು ಕೊಟ್ಟಿದ್ದಾನೆ: ಬೆರಾಖಾ. ಹೀಬ್ರೂವಿನಲ್ಲಿ ಆಶೀರ್ವಾದ. ಅರಬ್ಬಿಯಲ್ಲಿ ಅದೇ ಬರಕಾ. ಪರ್ಷಿಯನ್ನಿನ ಬಾಯಿಗೆ ಬಿದ್ದು ಬರಕತ್. ನಮ್ಮೂರ ಸಂತೆಯಲ್ಲಿ ತರಕಾರಿ ಮಾರುವ ಆಯಿ ಮೊದಲ ಬೋಣಿಗೆಯ ನೋಟು ಕಣ್ಣಿಗೆ ಒತ್ತಿಕೊಂಡು ‘ಬರಕತ್ ಆಗ್ಲಿ’ ಅನ್ನುವಾಗ ನನಗೆ ಈಗ ಪ್ರತಿ ಸಲವೂ ಆಶು ನೆನಪಾಗುತ್ತಾಳೆ.